ದೋಸ್ತರು "ಹತ್ತಲೇ" ಅಂದಾಗ "ಒಲ್ಲೆ" ಅನ್ನೋದು ಕಲಿಸೋದು ಹ್ಯಾಂಗ

ಕಬ್ಬಿನ ಸೀಜನ್‌ನ್ಯಾಗ ಬಾಗಲಕೋಟಿ ಕಡೆ ಓಡೋ ಟ್ರ್ಯಾಕ್ಟರಿಗೆ ಜೋತುಬಿದ್ದು ಕಬ್ಬು ಹಿರಿಯೋದು ಹುಡುಗರಿಗೆ ಒಂದು ಪಂದ್ಯ. ಬೌದ್ಧಿಕ ವಿಕಲತೆ ಇರೋ ಹರೆಯದ ಮಕ್ಕಳಿರೋ ಮನಿಯವರು ಇದನ್ನ ಓದ್ರಿ.

ಈ ಮಕ್ಕಳಿಗೆ ಅಪಾಯ ಗೊತ್ತೇ ಇಲ್ಲ ಅಂತಲ್ಲ. ಮನ್ಯಾಗ ಕೇಳಿದ್ರ "ಬಿದ್ರ ಗಾಲಿಗೆ ಸಿಗ್ತೀವಿ" ಅಂತ ಎಷ್ಟೋ ಮಕ್ಕಳು ಸರಿಯಾಗೇ ಹೇಳ್ತಾವ. ನಾಕು ದೋಸ್ತರು ಚಾಷ್ಟಿ ಮಾಡಿದಾಗ ಮಾತ್ರ ಗುಂಪು ಬಿಟ್ಟುಹೋದೀತು ಅನ್ನೋ ಅಂಜಿಕೆ ಮುಂದಾಗತೈತಿ. ಹಂಗಾಗಿ ಬರೇ ಉಪದೇಶ ಸಾಲಂಗಿಲ್ಲ, ಆಡಿಸಿ ಕಲಿಸ್ರಿ.

ಒಂದೇ ಮಾತು: "ಒಲ್ಲೆ, ಅಂಗಡಿಗಿ ಹೊಂಟೀನಿ." ಹೇಳೋದು, ತಿರುಗೋದು, ಗೊತ್ತಿರೋ ಕಿರಾಣಿ ಅಂಗಡಿಗೆ ನಡಿಯೋದು. ಕಾರಣ ಹೇಳೋದು ಕಲಿಸಬ್ಯಾಡ್ರಿ. ಕಾರಣ ಕೊಟ್ರ ವಾದ ಹತ್ತತೈತಿ, ವಾದದಾಗ ಸೋಲೋದು ಇವರೇ. ದಿನಾ 10 ನಿಮಿಷ ಸಾಕು. ಒತ್ತಾಯ ಮಾಡೋ ಪಾತ್ರ ಅವ್ವಗ ಬ್ಯಾಡ, ಓರಗೆಯ ಕಾಕಾನ ಮಗನಿಗೆ ಕೊಡ್ರಿ. ಅವ ಮೂರು ಸಲ ಒತ್ತಾಯ ಮಾಡ್ಲಿ, ಒಂದೇ ಸಲಕ್ಕ ಬಿಟ್ರ ಅದು ತಾಲೀಮಲ್ಲ. ಮನ್ಯಾಗ ಬಂದದ್ದು ರಸ್ತ್ಯಾಗ ತಾನೇ ಬರಂಗಿಲ್ಲ. ಟ್ರ್ಯಾಕ್ಟರ್ ನಿಧಾನ ಆಗೋ ತಿರುವಿನ ಹತ್ರ, ರಸ್ತೆಯಿಂದ ದೂರ ನಿಂತು, ಮತ್ತ ಮಾಡಿಸ್ರಿ.

ಮಕ್ಕಳು ಹೊರಗ ಹೋಗಿ ಬಂದಾಗ "ಹತ್ತಿದ್ಯೇನು?" ಅಂತ ಕೇಳಬ್ಯಾಡ್ರಿ, ನಿಮ್ಮ ಮುಖ ನೋಡಿ ಹೂಂ ಅಂದುಬಿಡ್ತಾರ. "ಎಲ್ಲಿ ನಿಂತಿದ್ರಿ? ಯಾರು ಏನಂದ್ರು?" ಅಂತ ಕೇಳ್ರಿ. ಹೇಳಿದ ಮ್ಯಾಲೆ ಬೈದ್ರೋ, ಮುಂದಿನ ಸಲ ಮುಚ್ಚಿಡ್ತಾರ.

ದೋಸ್ತಿ ಪೂರಾ ಬಿಡಿಸೋದು ದೊಡ್ಡ ತಪ್ಪು. ಒಂಟಿಯಾದವರು ಯಾರು ಕರದ್ರೂ ಹೋಗ್ತಾರ. ಕಳವು ಮಾಡಿಸೋದು, ಮೈ ಮುಟ್ಟೋದು ಕಂಡ್ರ ತಡಾ ಮಾಡದೇ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ರಿ.