ಬೇರೆ ರಾಜ್ಯದಿಂದ ಎಲ್ಕ್ ತರಿಸುವ ಮುನ್ನ: ಅಮೆರಿಕದ ಕಾನೂನು, ಕಾಗದ, ದಂಡ

ಅಮೆರಿಕದಲ್ಲಿ ಜಮೀನು ಮಾಡಿಕೊಂಡು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಸಾಕಬೇಕೆನ್ನುವವರು ಮುಂಗಡ ಕೊಡುವ ಮೊದಲೇ ತಮ್ಮ ರಾಜ್ಯದ ಕಾನೂನು ನೋಡಿಕೊಳ್ಳಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಎಲ್ಕ್ ಸಾಕಣೆಗೇ ನಿಷೇಧವಿದೆ. ಮೊಂಟಾನಾದಲ್ಲಿ 2000ದಲ್ಲಿ ಮತದಾರರೇ ಹೊಸ ಫಾರ್ಮ್‌ಗಳಿಗೆ ಬಾಗಿಲು ಹಾಕಿದರು. ಅನುಮತಿ ಇರುವ ಕಡೆಯೂ ಅಧಿಕಾರ ಕೆಲವೆಡೆ ಕೃಷಿ ಇಲಾಖೆಯದು, ಕೆಲವೆಡೆ ವನ್ಯಜೀವಿ ಇಲಾಖೆಯದು, ಕೆಲವೆಡೆ ಎರಡರದೂ. ಎರಡೂ ಕಚೇರಿಗಳನ್ನು ವಿಚಾರಿಸಿ.

ಇಷ್ಟು ಬಿಗಿಗೆ ಕಾರಣ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ, ಜಿಂಕೆ ಜಾತಿಯ ಪ್ರಾಣಿಗಳ ಮಾರಕ ಮಿದುಳು ರೋಗ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡ ಈ ರೋಗಕ್ಕೆ ಮದ್ದಿಲ್ಲ. ಸೋಂಕು ತಗುಲಿದ ಪ್ರಾಣಿ ವರ್ಷಕ್ಕೂ ಹೆಚ್ಚು ಕಾಲ ಆರೋಗ್ಯವಾಗಿಯೇ ಕಾಣುತ್ತದೆ. ರೋಗಕಾರಕ ಪ್ರಿಯಾನ್ (ವಿಕೃತ ಪ್ರೋಟೀನ್) ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ದಕ್ಷಿಣ ಕೊರಿಯಾಕ್ಕೆ ಇದು ತಲುಪಿದ್ದೇ ಕೆನಡಾದಿಂದ ತರಿಸಿದ ಸಾಕು ಎಲ್ಕ್‌ಗಳ ಜೊತೆಗೆ. ಕಣ್ಣಿಗೆ ಚೆನ್ನಾಗಿದೆ ಎಂಬ ಮಾತನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಸಾಕಲು ತರಿಸುವುದಾದರೆ ಮಾರುವವರ ಹಿಂಡು ಈ ರೋಗದ ಫೆಡರಲ್ (ಕೇಂದ್ರ ಸರ್ಕಾರದ) ಕಾರ್ಯಕ್ರಮದಡಿ ಪ್ರಮಾಣಿತವಾಗಿರಬೇಕು. ರೋಗದ ಸುಳಿವಿಲ್ಲದೆ 5 ವರ್ಷದ ನಿಗಾ ಮುಗಿಸಿದ ಹಿಂಡಿಗೆ ಮಾತ್ರ ಆ ಸ್ಥಾನ. ಪ್ರತಿ ಪ್ರಾಣಿಗೂ ಎರಡು ಗುರುತು ಬೇಕು, ಅವುಗಳಲ್ಲಿ ಒಂದು ಸಂಖ್ಯೆಯಿರುವ ಕಿವಿಯೋಲೆಯಂಥ (ಇಯರ್ ಟ್ಯಾಗ್) ಅಧಿಕೃತ ಗುರುತು. ಜೊತೆಗೆ ಪಶುವೈದ್ಯರ ಪ್ರಮಾಣಪತ್ರ. ನಿಮ್ಮ ರಾಜ್ಯ ಆಮದು ಪರವಾನಗಿ ಕೇಳುವುದಾದರೆ ಅದು ಟ್ರೇಲರ್‌ಗೆ ಹತ್ತಿಸುವ ಮೊದಲೇ ಕೈಯಲ್ಲಿರಲಿ. ಹತ್ತಿಸುವಾಗ ಓಲೆಯ ಸಂಖ್ಯೆಯನ್ನು ಕಾಗದದೊಂದಿಗೆ ಒಂದೊಂದಾಗಿ ತಾಳೆ ನೋಡಿ. ಒಂದಂಕಿ ತಪ್ಪಿದರೂ ಆ ಪ್ರಾಣಿ ಕಾಗದವಿಲ್ಲದ ಪ್ರಾಣಿಯೇ. ಕೆಳಸ್ಥಾನದ, ಅಂದರೆ ಕಡಿಮೆ ಕಾಲ ನಿಗಾದಲ್ಲಿದ್ದ ಹಿಂಡಿನಿಂದ ಒಂದನ್ನು ಸೇರಿಸಿದರೂ ನಿಮ್ಮ ಇಡೀ ಹಿಂಡು ಆ ಮಟ್ಟಕ್ಕಿಳಿಯುತ್ತದೆ.

ತಂದ ಮೇಲೂ ನಿಯಮ ಮುಗಿಯದು. ಫೆಡರಲ್ ಕಾರ್ಯಕ್ರಮಕ್ಕೆ ಸೇರುವ ಹೊಸ ಫಾರ್ಮ್‌ನ ಬೇಲಿ ಕನಿಷ್ಠ 8 ಅಡಿ ಎತ್ತರವಿರಬೇಕು. ಪ್ರಾಣಿ ತಪ್ಪಿಸಿಕೊಂಡರೆ ತಿಳಿಸಬೇಕು. 12 ತಿಂಗಳು ದಾಟಿದ ಪ್ರಾಣಿ ಸತ್ತರೂ, ಮಾಂಸಕ್ಕೆಂದು ಕಡಿದರೂ ವರದಿ ಮಾಡಿ ದೇಹವನ್ನು ಪರೀಕ್ಷೆಗೆ ಒದಗಿಸಬೇಕು. ತಾವೇ ಹೂತುಬಿಡುವುದು ದೊಡ್ಡ ತಪ್ಪು.

ದಂಡದ ವಿಷಯಕ್ಕೆ ಬಂದರೆ, ರಾಜ್ಯದ ಕಾನೂನು ಮುರಿದು ಗಡಿ ದಾಟಿಸಿದರೆ ವನ್ಯಜೀವಿಗಳ ಅಕ್ರಮ ಸಾಗಣೆ, ಮಾರಾಟ ತಡೆಯುವ ಫೆಡರಲ್ ಕಾನೂನಾದ ಲೇಸಿ ಕಾಯ್ದೆ ಅನ್ವಯಿಸುತ್ತದೆ. ಫಾರ್ಮ್‌ನಲ್ಲೇ ಹುಟ್ಟಿದ್ದು ಎಂಬ ವಾದ ಅಲ್ಲಿ ನಿಲ್ಲದು, ಸೆರೆಯಲ್ಲಿ ಹುಟ್ಟಿದವೂ ವನ್ಯಜೀವಿಗಳೆಂದೇ ಆ ಕಾಯ್ದೆ ಹೇಳುತ್ತದೆ. ತಿಳಿದೂ ತಿಳಿದೂ 350 ಡಾಲರ್ ಮೀರಿದ ಮೌಲ್ಯದ ಪ್ರಾಣಿಯನ್ನು ಹೀಗೆ ಕೊಂಡರೆ ಅಥವಾ ಮಾರಿದರೆ 5 ವರ್ಷದವರೆಗೆ ಜೈಲು. ಪ್ರಾಣಿಗಳು ಜಪ್ತಿಯಾಗುತ್ತವೆ, ಗಂಭೀರ ಅಪರಾಧವೆಂದು ತೀರ್ಪಾದರೆ ಸಾಗಿಸಿದ ವಾಹನವೂ ಹೋಗಬಹುದು. ಪ್ರಾಣಿ ಆರೋಗ್ಯ ರಕ್ಷಣಾ ಕಾಯ್ದೆಯಡಿ ಸಿವಿಲ್ ದಂಡ ಬೇರೆ. ರೋಗದಿಂದಾಗಿ ಹಿಂಡನ್ನೇ ಕೊಲ್ಲಬೇಕಾಗಿ ಬಂದಾಗ ಸರ್ಕಾರ ಪ್ರಾಣಿಗೆ ಗರಿಷ್ಠ 3,000 ಡಾಲರ್‌ವರೆಗೆ ಪರಿಹಾರ ಕೊಡಬಹುದು. ನಿಯಮ ಮುರಿದು ಸಾಗಿಸಿದವಕ್ಕೆ ಅದೂ ಇಲ್ಲ.

ಕಾಗದದಲ್ಲಿ ತೊಡಕಿದೆಯೆಂದು ಈಗ ಗೊತ್ತಾಗಿದ್ದರೆ ಆ ಪ್ರಾಣಿಯನ್ನು ಮಾರಬೇಡಿ, ಬೇರೆಡೆ ಸಾಗಿಸಬೇಡಿ, ಕಾಡಿಗಂತೂ ಬಿಡಲೇಬೇಡಿ. ಪ್ರತ್ಯೇಕ ದೊಡ್ಡಿಯಲ್ಲಿಟ್ಟು, ವಕೀಲರನ್ನು ಕಂಡು, ರಾಜ್ಯ ಪಶುವೈದ್ಯಾಧಿಕಾರಿಗೆ ತಿಳಿಸಿ.