ಮುಖ ಒಡೆದಿದ್ದರೂ ಗುರುತು ಸಿಗುವ ದೇವರು

ಗ್ರೀಕ್ ದೇವರುಗಳ ತಲೆಗಳನ್ನು ಮಣ್ಣಿನಲ್ಲಿ ಮಾಡುತ್ತಾ ಕೂತರೆ ಬೇಗ ಬೇಜಾರಾಗುತ್ತದೆ. ಹಣೆಯಿಂದ ನೇರ ಇಳಿಯುವ ಮೂಗು, ತುಂಬಿದ ಗಲ್ಲ, ಚೂರೇ ಬಿಟ್ಟ ತುಟಿ. ಕ್ರಿ.ಪೂ. 5ನೇ ಶತಮಾನದ ಶಿಲ್ಪಿಗಳು ಹೆಚ್ಚುಕಡಿಮೆ ಎಲ್ಲ ದೇವರಿಗೂ ಇದನ್ನೇ ಕೊಟ್ಟಿದ್ದಾರೆ. ಯುದ್ಧದ ದೇವರಿಗೂ ಹುಬ್ಬು ಗಂಟಿಕ್ಕಿಲ್ಲ. ಹಾಗಾದರೆ ಇವನು ಸಿಡುಕ, ಇವಳು ಮಗಳನ್ನು ಕಳೆದುಕೊಂಡ ತಾಯಿ ಅಂತ ನೋಡುವವರಿಗೆ ಹೇಗೆ ತಿಳಿಯುತ್ತಿತ್ತು?

ನಾನು ಮೊದಲು ಕಲಿತಿದ್ದು ನಮ್ಮ ಕಡೆಯ ಮೂರ್ತಿ ಕೆಲಸ. ಅಲ್ಲಿ ಕೈ ನೋಡಿದರೆ ದೇವರು ಯಾರೆಂದು ಗೊತ್ತಾಗುತ್ತದೆ. ಶಂಖ, ಚಕ್ರ, ಗದೆ, ಪದ್ಮ ಯಾವ ಯಾವ ಕೈಯಲ್ಲಿವೆ ಅನ್ನುವುದರ ಮೇಲೆಯೇ ವಿಷ್ಣುವಿನ 24 ರೂಪಗಳಿಗೆ ಬೇರೆ ಬೇರೆ ಹೆಸರು. ಗ್ರೀಕ್ ದೇವರುಗಳಿಗೂ ಸಿಡಿಲು, ತ್ರಿಶೂಲ, ಭರ್ಜಿ ಎಲ್ಲ ಇದ್ದವು. ಆದರೆ ಲೋಹದಲ್ಲಿ ಮಾಡಿ ಸಿಕ್ಕಿಸಿದ್ದವು ಬಹಳಷ್ಟು ಹೋಗಿಬಿಟ್ಟಿವೆ, ತೂತು ಮಾತ್ರ ಉಳಿದಿದೆ. ಹಾಗಾಗಿ ಆಯುಧ, ಮುಖ ಎರಡನ್ನೂ ಬಿಟ್ಟು ಮೈಯನ್ನಷ್ಟೇ ನೋಡೋಣ ಅಂತ ಹೊರಟೆ.

ಅದಕ್ಕೆ ಅಥೆನ್ಸಿನ ಪಾರ್ಥೆನಾನ್ ದೇವಸ್ಥಾನದ ಪೂರ್ವ ದಿಕ್ಕಿನ ಉಬ್ಬುಶಿಲ್ಪ ಪಟ್ಟಿಗಿಂತ ಒಳ್ಳೆಯ ಪಾಠ ಇಲ್ಲ. ಕ್ರಿ.ಪೂ. 440ರ ಆಸುಪಾಸಿನ ಕೆಲಸ. ಹನ್ನೆರಡು ದೇವರುಗಳು ಒಂದೇ ಕಡೆ, ಎಲ್ಲರೂ ಕೂತಿದ್ದಾರೆ. ಹೆಚ್ಚಿನವರು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದಾರೆ. ಸಮುದ್ರದ ದೇವರು ಪೊಸೈಡನ್, ಅಪೊಲೊ, ಆರ್ಟೆಮಿಸ್ ಅಥೆನ್ಸಿನಲ್ಲೇ, ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಉಳಿದಿದ್ದಾರೆ. ಲಂಡನ್ನಿನವರ ಮುಖಗಳು ಬಹುತೇಕ ಒಡೆದಿವೆ, ಸವೆದಿವೆ. ನನ್ನ ಕೆಲಸಕ್ಕೆ ಅದೇ ಅನುಕೂಲವಾಯಿತು. ಎಲ್ಲರೂ ಕೂತಿರುವಾಗ, ಮುಖವೂ ಇಲ್ಲದಿರುವಾಗ, ವ್ಯತ್ಯಾಸ ಇರಬೇಕಾದದ್ದು ಕೂರುವ ಭಂಗಿಯಲ್ಲಿ ತಾನೆ?

ಮ್ಯೂಸಿಯಂನಲ್ಲಿ ಪೆನ್ಸಿಲ್ ಸ್ಕೆಚ್ ಮಾಡಿಕೊಂಡು ಬಂದು, ಮನೆಯಲ್ಲಿ ಹಲಗೆಯ ಮೇಲೆ ಮಣ್ಣು ಹಾಕಿದೆ. ಮಣ್ಣು ಜಾರದ ಹಾಗೆ ಹಲಗೆಗೆ ಅಲ್ಲಲ್ಲಿ ಮೊಳೆ ಹೊಡೆದು ತಂತಿ ಸುತ್ತಬೇಕು. ಆಮೇಲೆ ಮೂರೇ ಗೆರೆ: ಆಸನದ ಗೆರೆ, ಸೊಂಟದ ಗೆರೆ, ಭುಜದ ಗೆರೆ. ಈ ಮೂರೂ ಸರಿ ಕೂರುವವರೆಗೆ ಬೇರೇನೂ ಮುಟ್ಟುವುದಿಲ್ಲ.

ಆರೀಸ್‌ನನ್ನೇ ನೋಡಿ. ಯುದ್ಧದ ದೇವರು. ಎರಡೂ ಕೈ ಸೇರಿಸಿ ಒಂದು ಮೊಣಕಾಲನ್ನು ಅಪ್ಪಿ ಹಿಡಿದುಕೊಂಡಿದ್ದಾನೆ. ಬಸ್ ಲೇಟಾದಾಗ ಸ್ಟ್ಯಾಂಡಿನಲ್ಲಿ ಹುಡುಗರು ಕೂರುತ್ತಾರಲ್ಲ, ಹಾಗೆ. ನಾನೇ ಒಂದು ಸ್ಟೂಲಿನ ಮೇಲೆ ಹಾಗೆ ಕೂತು ನೋಡಿದೆ. ಭಾರ ಹಿಂದಕ್ಕೆ ಹೋಗುತ್ತದೆ, ಬೆನ್ನು ಬಾಗುತ್ತದೆ, ಹೊಟ್ಟೆ ಒಳಗೆ ಮಡಚುತ್ತದೆ. ಕೈ ಬಿಟ್ಟರೆ ಹಿಂದಕ್ಕೆ ವಾಲುತ್ತೇವೆ. ಅಂದರೆ ಸುಮ್ನೆ ಕೂರುವುದಕ್ಕೇ ಅವನಿಗೆ ಬಲ ಬೇಕು. ಮಣ್ಣಿನಲ್ಲಿ ಕೈಗಳನ್ನು ಸ್ವಲ್ಪ ಸಡಿಲ ಮಾಡಿ ನೋಡಿದೆ. ಭಂಗಿ ಅದೇ, ಆದರೆ ಯಾರೋ ಆರಾಮಾಗಿ ಕೂತ ಯುವಕ. ಮತ್ತೆ ಬೆರಳು ಬಿಗಿ ಮಾಡಿ, ಮುಂದೋಳಿನ ಉಬ್ಬನ್ನು ಒಂಚೂರು ಏರಿಸಿದೆ. ಆರೀಸ್ ವಾಪಸ್ ಬಂದ. ಒಂದು ಕಡೆ ಕೂರಲಾರದವನ ಸ್ವಭಾವ ಇಷ್ಟು ಸಣ್ಣ ಜಾಗದಲ್ಲಿದೆ.

ಅವನ ಪಕ್ಕದಲ್ಲೇ ಬೆಳೆಯ ದೇವತೆ ಡಿಮಿಟರ್. ಮಗಳು ಪರ್ಸೆಫೊನಿ ಪಾತಾಳಕ್ಕೆ ಹೋದವಳು. ತಾಯಿಯ ಕೈ ಗಲ್ಲದ ಬಳಿ, ಇನ್ನೊಂದು ಕೈಯಲ್ಲಿ ಪಂಜು. ಅವಳಾಚೆ ಡಯೋನೈಸಸ್, ದ್ರಾಕ್ಷಾರಸದ ದೇವರು, ದೇವದೂತ ಹರ್ಮಿಸ್‌ನ ಹೆಗಲ ಮೇಲೆ ಕೈ ಊರಿಕೊಂಡಿದ್ದಾನೆ. ಯಾರ ಮೇಲಾದರೂ ಒರಗದೆ ಕೂರಲು ಅವನಿಂದ ಆಗದು! ಹರ್ಮಿಸ್ ಮಾತ್ರ ನೆಟ್ಟಗೆ ಕೂತಿದ್ದಾನೆ. ಕಾಲಲ್ಲಿ ಬೂಟು, ತೊಡೆ ಮೇಲೆ ಪ್ರಯಾಣದ ಟೋಪಿ. ಕರೆದರೆ ಹೊರಟ ಅನ್ನುವ ಹಾಗೆ.

ದೇವರುಗಳ ರಾಜ ಜೀಯಸ್‌ನದು ಬೇರೆಯೇ ಗತ್ತು. ಉಳಿದವರಿಗೆಲ್ಲ ಸ್ಟೂಲು, ಬೆನ್ನಿಗೆ ಆಸರೆ ಇರುವ ಸಿಂಹಾಸನ ಅವನೊಬ್ಬನಿಗೆ. ತೋಳನ್ನು ಅದರ ಬೆನ್ನಿನ ಮೇಲೆ ಹಾಕಿಕೊಂಡಿದ್ದಾನೆ. ಎದುರಿಗೆ ಹೆಂಡತಿ ಹೀರಾ ಮುಸುಕು ಹಿಡಿದು ಅವನತ್ತ ತಿರುಗಿದ್ದಾಳೆ. ಗ್ರೀಕರಲ್ಲಿ ಅದು ಮದುವೆಯಾದ ಹೆಣ್ಣಿನ ಸನ್ನೆ. ಕಮ್ಮಾರ ದೇವರು ಹೆಫೈಸ್ಟಸ್ ಕುಂಟ. ಆದರೆ ಶಿಲ್ಪಿ ಕಾಲನ್ನು ಸೊಟ್ಟ ಮಾಡಿ ತೋರಿಸಿಲ್ಲ. ಕಂಕುಳಲ್ಲಿ ಒಂದು ಕೋಲು ಕೊಟ್ಟು ಮೈಯನ್ನು ಅದರ ಮೇಲೆ ವಾಲಿಸಿದ್ದಾನೆ. ಈ ಮರ್ಯಾದೆ ನನಗೆ ಬಹಳ ಹಿಡಿಸಿತು.

ಇದನ್ನೆಲ್ಲ ಅವರು ಮಾಡಿದ್ದು ಐದಾರು ಸೆಂಟಿಮೀಟರ್ ಉಬ್ಬಿನೊಳಗೆ. ಪಟ್ಟಿಯ ಎತ್ತರ ಸುಮಾರು 1 ಮೀಟರ್, ಅದು ಇದ್ದದ್ದು ನೆಲದಿಂದ ಸುಮಾರು 12 ಮೀಟರ್ ಮೇಲೆ. ಕೆಳಗಿನಿಂದ ನೋಡುವವರಿಗೆ ಕಾಣಲಿ ಅಂತ ಮೇಲ್ಭಾಗವನ್ನು ಜಾಸ್ತಿ ಆಳ ಕೆತ್ತಿದ್ದಾರೆ. ನಾನು ಅರ್ಧ ಅಳತೆಯಲ್ಲಿ ಮಾಡಿದ್ದರಿಂದ ಉಬ್ಬು 3 ಸೆಂಟಿಮೀಟರ್ ದಾಟುವಂತಿರಲಿಲ್ಲ. ತೋಳಿನ ಹಿಂದೆ ಎದೆ, ಎದೆಯ ಹಿಂದೆ ಇನ್ನೊಬ್ಬರ ಭುಜ, ಎಲ್ಲಕ್ಕೂ ಅಷ್ಟರಲ್ಲೇ ಜಾಗ ಹಂಚಬೇಕು. ಟೇಬಲ್ ಲ್ಯಾಂಪನ್ನು ನೆಲದ ಮೇಲಿಟ್ಟು ಬೆಳಕು ಕೆಳಗಿನಿಂದ ಬೀಳುವ ಹಾಗೆ ಮಾಡಿಕೊಂಡೆ. ಮೂಲ ಜಾಗದಲ್ಲಿ ಸೂರಿನ ಕೆಳಗೆ ಅದಕ್ಕೆ ಸಿಗುತ್ತಿದ್ದದ್ದು ಹೆಚ್ಚಾಗಿ ನೆಲದಿಂದ ಪುಟಿದ ಬೆಳಕೇ.

ಭಂಗಿ ಒಂದೇ ಸಾಕಾ? ಎಲ್ಲ ಕಡೆ ಸಾಲದು. ಆರ್ಟೆಮಿಸಿಯನ್ ಭೂಶಿರದ ಬಳಿ ಸಮುದ್ರದಲ್ಲಿ ಸಿಕ್ಕ 2.09 ಮೀಟರ್ ಎತ್ತರದ ಕಂಚಿನ ದೇವರು ಈಗ ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿದ್ದಾನೆ. ಒಂದು ತೋಳು ಗುರಿಯತ್ತ ಚಾಚಿದೆ, ಇನ್ನೊಂದು ಹಿಂದೆ ಎಸೆಯಲು ಸಿದ್ಧ. ಕೈಯಲ್ಲಿದ್ದದ್ದು ಕಾಣೆ. ಜೀಯಸ್ಸೋ ಪೊಸೈಡನ್ನೋ ಅಂತ ಇನ್ನೂ ಚರ್ಚೆ ನಡೆದಿದೆ. ಅಣ್ಣತಮ್ಮಂದಿರು, ಇಬ್ಬರಿಗೂ ಗಡ್ಡ, ಇಬ್ಬರಿಗೂ ಅದೇ ಅಧಿಕಾರ. ತಂತಿಯ ಮೇಲೆ ಮಣ್ಣು ಮೆತ್ತಿ ಚಿಕ್ಕ ಮಾದರಿ ಮಾಡಿ, ಕೈಗೆ ಮೊದಲು ಪೊಸೈಡನ್ನನ ಉದ್ದ ತ್ರಿಶೂಲ ಕೊಟ್ಟೆ. ಅದರ ಹಿಡಿ ಪಕ್ಕದಿಂದ ನೋಡಿದಾಗ ಮುಖಕ್ಕೆ ಅಡ್ಡ ಬಂತು. ಜೀಯಸ್‌ನ ಗಿಡ್ಡ ಸಿಡಿಲು ಕೊಟ್ಟಾಗ ಮುಖ ಸಲೀಸಾಗಿ ಕಂಡಿತು. ಅದಕ್ಕೇ ನನ್ನ ಓಟು ಜೀಯಸ್‌ಗೆ.

ನೀವೂ ಮಾಡಿ ನೋಡುವುದಾದರೆ ಆರೀಸ್‌ನಿಂದ ಶುರು ಮಾಡಿ. ಅವನ ಮೈಮೇಲೆ ಬಟ್ಟೆ ಕಡಿಮೆ, ಭಾರ ಎಲ್ಲಿ ಬೀಳುತ್ತಿದೆ ಅಂತ ಸ್ಪಷ್ಟ ಕಾಣುತ್ತದೆ. ಹೀರಾ, ಡಿಮಿಟರ್ ಆಮೇಲೆ. ಸೀರೆಯಷ್ಟೇ ನೆರಿಗೆ ಅವರ ಬಟ್ಟೆಗೂ ಇದೆ, ಒಳಗಿನ ಮೊಣಕಾಲು ಹುಡುಕುವುದರಲ್ಲೇ ಸಂಜೆಯಾಗುತ್ತದೆ. ತಲೆಯನ್ನು ಕೊನೆಯವರೆಗೂ ಬರೀ ಮೊಟ್ಟೆಯಾಕಾರದಲ್ಲಿ ಬಿಡಿ. ರಾತ್ರಿ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ. ಇಲ್ಲದಿದ್ದರೆ ತೆಳು ಬೆರಳುಗಳು ಮೊದಲು ಒಣಗಿ ಬಿರುಕು ಬಿಡುತ್ತವೆ.