64ಎ ಅರ್ಜಿ ಹಾಕಿದಾಗ ನನಗಾದ ಅನುಭವ

ನಾನು ಕ್ರಿಮಿನಲ್ ಕೇಸು ನಡೆಸುವ ವಕೀಲ, ಬೆಂಗಳೂರಿನಲ್ಲೇ ಪ್ರಾಕ್ಟೀಸು. ಒಂದು ದಿನ ಮಂಡ್ಯ ಕಡೆಯ ಒಬ್ಬರು ಆಫೀಸಿಗೆ ಬಂದರು. ಇಲ್ಲಿ ಪಿಜಿಯಲ್ಲಿದ್ದ ಮಗನ ಹತ್ತಿರ 3 ಗ್ರಾಂ ಬ್ರೌನ್ ಶುಗರ್, ಅಂದರೆ ಕಲಬೆರಕೆ ಹೆರಾಯಿನ್, ಸಿಕ್ಕಿತ್ತು. "ಪರಪ್ಪನ ಅಗ್ರಹಾರ ಒಂದು ತಪ್ಪಿಸಿ ಸಾರ್" ಅಂದರು.

ಮೊದಲು ಮಹಜರಿನಲ್ಲಿ ತೂಕ ನೋಡಿದೆ. ಹೆರಾಯಿನ್ 5 ಗ್ರಾಂಗಿಂತ ಕಡಿಮೆ ಇದ್ದರೆ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತು ತಡೆ ಕಾನೂನು) ಪ್ರಕಾರ ಅದು ಸಣ್ಣ ಪ್ರಮಾಣ. (ಕಲಬೆರಕೆಯನ್ನೂ ಸೇರಿಸಿಯೇ ತೂಗಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ಹಾಗಾಗಿ ಪುಡಿಯಲ್ಲಿ ಅರ್ಧ ಬೇರೆ ಏನೋ ಇತ್ತು ಅಂತ ವಾದಿಸಿ ಲಾಭವಿಲ್ಲ.) ಕಲಂ 27ರ ಸೇವನೆ ಕೇಸಾಗಲಿ, ಸಣ್ಣ ಪ್ರಮಾಣದ ಕೇಸಾಗಲಿ, ಚಟಕ್ಕೆ ಬಿದ್ದವನು ತಾನಾಗಿಯೇ ಚಿಕಿತ್ಸೆಗೆ ಹೋದರೆ ಇದೇ ಕಾಯ್ದೆಯ ಕಲಂ 64ಎ ಪ್ರಕಾರ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ.

ಓದೋಕೆ ಸುಲಭ, ಅಲ್ವಾ? ನಮ್ಮ ಕೆಲಸದಲ್ಲಿ ಮೊದಲ ಪಾಠವೇ "ನಮ್ಮವನದ್ದಲ್ಲ, ಪೊಲೀಸರೇ ಇಟ್ಟಿದ್ದು" ಅನ್ನೋದು. ಇಲ್ಲಿ ಉಲ್ಟಾ, ಹೌದು ನಾನು ವ್ಯಸನಿ ಅಂತ ಹುಡುಗ ಒಪ್ಪಬೇಕು. ಅವನೋ "ಆಗೊಮ್ಮೆ ಈಗೊಮ್ಮೆ ಅಷ್ಟೇ ಸಾರ್" ಅಂತಲೇ ಕೂತಿದ್ದ. ಹಾಗೆ ಹೇಳಿದರೆ ಈ ಕಲಂ ಅವನಿಗೆ ಸಿಗೋದಿಲ್ಲ. ಮೂರು ಸಲ ಕೂರಿಸಿಕೊಂಡು ಮಾತಾಡಿದೆ, ಕೊನೆಗೆ ಅಪ್ಪನನ್ನು ಹೊರಗೆ ಕಳಿಸಿದ ಮೇಲೆ, ಬೆಳಿಗ್ಗೆ ಎದ್ದರೆ ಮೂಗು ಸೋರುತ್ತೆ, ಮೈಕೈ ನೋವು, ಅದಿಲ್ಲದೆ ಆಫೀಸಿಗೆ ಹೋಗೋಕಾಗಲ್ಲ ಅಂತ ಬಾಯಿಬಿಟ್ಟ.

ಆಮೇಲಿನ ತಪ್ಪು ನನ್ನದೇ. ಹತ್ತಿರದಲ್ಲಿದೆ ಅಂತ ಊರ ಹೊರಗಿನ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದರು, ನಾನು ಸುಮ್ನೆ ಹೂಂ ಅಂದೆ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯತೆ ಕೊಟ್ಟ ಜಾಗವೇ ಆಗಬೇಕು ಅಂತ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ, ಇವರಿಗೆ ಮಾನ್ಯತೆ ಇರಲಿಲ್ಲ. ಮೂರು ವಾರ, ದುಡ್ಡು, ಎರಡೂ ಹೋಯಿತು. ಮತ್ತೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋದೆವು. ಹೆರಾಯಿನ್ ಬಿಟ್ಟಾಗಿನ ನರಳಾಟ ತಗ್ಗಿಸೋಕೆ ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಶುರುವಾದ ಮೇಲೆ ಮುಖದಲ್ಲಿ ಸ್ವಲ್ಪ ಜೀವ ಬಂತು.

ಅರ್ಜಿ ವಿಚಾರಣೆಗೆ ಬಂದಾಗ ಪಿಪಿ (ಸರ್ಕಾರಿ ವಕೀಲರು) ಎದ್ದು, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಏನು ಮಾಡ್ತೀರಿ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ರಕ್ಷಣೆ ವಾಪಸ್ ತೆಗೆದುಕೊಳ್ಳಬಹುದು, ಕೇಸು ಮತ್ತೆ ಜೀವಂತ. ಹುಡುಗ ಒಂದು ಫಾಲೋಅಪ್ ತಪ್ಪಿಸಿಯೂ ಇದ್ದ, ಅದನ್ನು ಮುಚ್ಚಿಡದೆ ಜಡ್ಜ್ ಮುಂದೆ ಹೇಳಿದೆ.

ಮುಂದಿನ ಡೇಟಿಗೆ ಓಪಿಡಿ ಚೀಟಿ ತರಬೇಕು. ಹೋದ ಸಲ ಅಪ್ಪ ತಂದಿದ್ದರು. ಈ ಸಲ ನೀನೇ ತರಬೇಕು ಅಂತ ಹುಡುಗನಿಗೆ ಹೇಳಿದ್ದೇನೆ.